ಪದರ ಉಕ್ಕಿನ ಬೆಸುಗೆ ಬಾಯಿ ಬಿಡುತ್ತಿದೆ, ತಪ್ಪು ಎಲ್ಲಿ ಹುಡುಕಲಿ?

ಮದ್ದೂರು ಕುಲುಮೆ

ಎಲ್ಲರಿಗೂ ನಮಸ್ಕಾರ. ಮದ್ದೂರಿನ ಹತ್ತಿರ ತೋಟದ ಶೆಡ್ಡಿನಲ್ಲಿ ಸಣ್ಣ ಗ್ಯಾಸ್ ಕುಲುಮೆ ಇಟ್ಟುಕೊಂಡಿದ್ದೇನೆ. ಅಡಿಗೆ ಚಾಕು, ಕಬ್ಬು ಕಡಿಯುವ ಮಚ್ಚು ಮಾಡುತ್ತೇನೆ. ಒಂದೇ ಉಕ್ಕಿನ ಕೆಲಸಕ್ಕೆ ತೊಂದರೆ ಇಲ್ಲ. ಎರಡು ಜಾತಿ ಉಕ್ಕಿನ ಪಟ್ಟಿ ಕಾಯಿಸಿ ಬಡಿದು ಒಂದು ಮಾಡುವ, ಎಲ್ಲರೂ ಡಮಾಸ್ಕಸ್ ಅಂತ ಕರೆಯುವ ಪದರ ಉಕ್ಕು ಮಾತ್ರ ಕೈಗೆ ಹತ್ತುತ್ತಿಲ್ಲ.

ನಾನು ಮಾಡುತ್ತಿರುವುದು ಇಷ್ಟು. 1084 ಅನ್ನುವ ಉಕ್ಕು ನಾಲ್ಕು ಪಟ್ಟಿ, 15ಎನ್20 ಅನ್ನುವ ಇನ್ನೊಂದು ಜಾತಿ ಉಕ್ಕು ಮೂರು ಪಟ್ಟಿ. ಒಂದು ಬಿಟ್ಟು ಒಂದು ಜೋಡಿಸುತ್ತೇನೆ. ಉದ್ದ 4 ಇಂಚು, ಅಗಲ ಒಂದೂಕಾಲು. 1084 ಮೂರು ಮಿ.ಮೀ. ದಪ್ಪ, 15ಎನ್20 ಒಂದೂವರೆ ಮಿ.ಮೀ. ನಾಲ್ಕು ಮೂಲೆಗೂ ವೆಲ್ಡಿಂಗ್ ಚುಕ್ಕಿ ಕೊಟ್ಟು, ಹಿಡಿಯುವುದಕ್ಕೆ ಒಂದು ಸರಳು ಬೆಸೆದು, ಕೆಂಪಾದ ಮೇಲೆ ಬಿಳಿಗಾರ (ಬೋರಾಕ್ಸ್) ಉದುರಿಸಿ, ಹಳದಿ ಆಗುವ ತನಕ ಕಾಯಿಸಿ ಬಡಿಯುತ್ತೇನೆ.

ಬಡಿಯುವಾಗ ಪಟ್ಟಿಗಳು ಕೂಡಿಕೊಂಡು ಕೂತ ಹಾಗೇ ಕಾಣುತ್ತದೆ. ಆಮೇಲೆ ಬಡಿದು ಉದ್ದ ಎಳೆಯುವಾಗ, ಸರಳು ಇಲ್ಲದ ಕಡೆಯ ತುದಿ ಬಾಯಿ ಬಿಡುತ್ತದೆ. ಇನ್ನೊಂದು ಬಿಲೆಟ್‌ನಲ್ಲಿ (ಹೀಗೆ ಜೋಡಿಸಿದ ಗಟ್ಟಿ) ತುದಿ ಚೆನ್ನಾಗಿತ್ತು. ಅರ್ಧಕ್ಕೆ ಕೊಯ್ದು ನೋಡಿದರೆ ನಟ್ಟನಡುವೆ ಕೂದಲೆಳೆಯಷ್ಟು ಕಪ್ಪು ಗೆರೆ. ಮತ್ತೊಂದರಲ್ಲಿ ಮೇಲಿನ ಪದರ ಗುಳ್ಳೆ ಎದ್ದಿತು. ಉಕ್ಕು ದುಬಾರಿ, ಗ್ಯಾಸ್ ಇನ್ನೂ ದುಬಾರಿ. ಅನುಭವ ಇರುವವರು ದಾರಿ ತೋರಿಸಿ.

ಚಾಕು ಹುಚ್ಚ

ಕಾವು ಸಾಲುತ್ತಿಲ್ಲ ಅಷ್ಟೇ. ಕಿಡಿ ಹಾರುವ ತನಕ ಕಾಯಿಸಿ, ದಬದಬ ಅಂತ ಬಡಿಯಿರಿ. ಕೂರದೆ ಎಲ್ಲಿಗೆ ಹೋಗುತ್ತದೆ?

ಹೆಬ್ಬಾಳು ಟೂಲ್‌ರೂಮ್

ಕಿಡಿ ಹಾರಿಸುವುದು ಬೇಡ. ಅದು ಮೆದು ಕಬ್ಬಿಣದ ಕಾಲದ ಮಾತು. ಇಂಗಾಲ ಜಾಸ್ತಿ ಇದ್ದಷ್ಟೂ ಉಕ್ಕು ಬೇಗ ಕರಗಲು ಶುರುವಾಗುತ್ತದೆ. 1084ರಲ್ಲಿ ಇಂಗಾಲ ಶೇ. 0.84ರ ಆಸುಪಾಸು. ಇದರಲ್ಲಿ ಕಿಡಿ ಬಂತು ಅಂದರೆ ಉಕ್ಕು ಸುಡುತ್ತಿದೆ ಅಂತ ಅರ್ಥ. ಒಮ್ಮೆ ಸುಟ್ಟ ಉಕ್ಕನ್ನು ಮತ್ತೆ ಹದಕ್ಕೆ ತರಲು ಆಗುವುದಿಲ್ಲ. ಸುತ್ತಿಗೆ ಬಿದ್ದರೆ ಉದುರಿ ಹೋಗುತ್ತದೆ. ಈ ಜೋಡಿಗೆ 1200ರಿಂದ 1260 ಡಿಗ್ರಿ ಸೆಲ್ಸಿಯಸ್ ಧಾರಾಳ ಸಾಕು.

ಮದ್ದೂರಿನವರೇ, ನಿಮ್ಮದು ಒಂದು ತೊಂದರೆ ಅಲ್ಲ, ಮೂರು. ಮೂರಕ್ಕೂ ಒಂದೇ ಮದ್ದು ಹುಡುಕುತ್ತಿದ್ದೀರಿ. ಬೆಸುಗೆ ಎಲ್ಲಿ ಬಿಟ್ಟಿದೆ ಅನ್ನುವುದನ್ನು ಮೊದಲು ನೋಡಬೇಕು. ತುದಿಯಲ್ಲಿ ಬಿಟ್ಟರೆ ಬಡಿಯುವ ರೀತಿ. ನಡುವೆ ಬಿಟ್ಟರೆ ಬೆಂಕಿ. ಗುಳ್ಳೆ ಎದ್ದರೆ ಪಟ್ಟಿ ಉಜ್ಜಿದ್ದು ಅಥವಾ ಬಿಳಿಗಾರ. ಯಾವಾಗಲೂ ಹೀಗೇ ಅಂತಲ್ಲ, ಆದರೆ ಹುಡುಕುವುದನ್ನು ನಾನು ಇಲ್ಲಿಂದಲೇ ಶುರು ಮಾಡುತ್ತೇನೆ.

ಕೆಲವು ಪ್ರಶ್ನೆ. ಸಿಲಿಂಡರ್ ಎಷ್ಟು ಕೆಜಿ? ರೆಗ್ಯುಲೇಟರ್ ಮನೆಯದ್ದಾ, ಹೈ ಪ್ರೆಶರ್‌ನದ್ದಾ? ಕುಲುಮೆಯ ಬಾಯಿಂದ ಜ್ವಾಲೆ ಹೊರಗೆ ಬರುತ್ತಾ? ಹಳದಿ ಅಂದಿರಲ್ಲ, ಅದನ್ನು ನೋಡಿದ್ದು ನೆರಳಲ್ಲಾ, ಬಿಸಿಲಲ್ಲಾ? ಪಟ್ಟಿಗಳನ್ನು ಯಾವುದರಲ್ಲಿ ಉಜ್ಜಿದಿರಿ? ಹಳದಿ ಆದ ಮೇಲೆ ಎಷ್ಟು ಹೊತ್ತು ಒಳಗೆ ಬಿಟ್ಟಿರಿ?

ಇದ್ದಿಲು ಆಚಾರಿ

ಪಾಂಡವಪುರದ ಕಡೆಯವನು. ನಮ್ಮ ಮನೆಯಲ್ಲಿ ಈಗಲೂ ಇದ್ದಿಲಿನ ಕುಲುಮೆ. ತಿದಿ ಹೋಗಿ ಬ್ಲೋವರ್ ಬಂದಿದೆ, ಅಷ್ಟೇ ಬದಲಾವಣೆ. ನಮ್ಮ ತಾತ ಮಚ್ಚಿಗೆ, ಕುಡುಗೋಲಿಗೆ ಬಾಯಿಗೆ ಮಾತ್ರ ಉಕ್ಕು ಕೂಡಿಸುತ್ತಿದ್ದರು. ಮೈಯೆಲ್ಲ ಮೆದು ಕಬ್ಬಿಣ. ಅದೂ ಬೆಸುಗೆಯೇ ಅಲ್ವಾ. ಡಮಾಸ್ಕಸ್ ಅಂತ ಹೆಸರು ಇರಲಿಲ್ಲ ಅಷ್ಟೇ.

ಅವರು ಬಿಳಿಗಾರ ಸುರಿಯುತ್ತಿದ್ದದ್ದು ಕಡಿಮೆ. ನುಣ್ಣನೆ ಮರಳು ಎರಚುತ್ತಿದ್ದರು. ಮೆದು ಕಬ್ಬಿಣಕ್ಕೆ ಅದು ನಡೆಯುತ್ತದೆ, ಯಾಕೆಂದರೆ ಕಾವು ಅಷ್ಟು ಜಾಸ್ತಿ ಕೊಡಬಹುದು. ಮರಳು ಮತ್ತು ಕಿಟ್ಟ (ಕಾದ ಕಬ್ಬಿಣದ ಮೇಲೆ ಕಟ್ಟುವ ಪೊರೆ) ಸೇರಿ ಕರಗಿ ಹರಿಯಲು 1200 ಡಿಗ್ರಿ ದಾಟಬೇಕು. ಬಿಳಿಗಾರ 750ರೊಳಗೇ ಕರಗುತ್ತದೆ. ಹಾಗಾಗಿ ಎರಡೂ ಕಡೆ ಗಟ್ಟಿ ಉಕ್ಕು ಇದ್ದರೆ ಬಿಳಿಗಾರವೇ ಸರಿ, ಮರಳು ಹಾಕಲು ಹೋಗಬೇಡಿ.

ಇನ್ನೊಂದು ಮಾತು. ಗ್ಯಾಸಿನವರು ಬೆಂಕಿಯ ಬಣ್ಣ ನೋಡುತ್ತಾರೆ. ನೀವು ಬಿಲೆಟ್ ಮೈಮೇಲಿನ ಬಿಳಿಗಾರ ನೋಡಿ. ಮೊದಲು ಉಬ್ಬಿ ಬೆಳ್ಳಗಾಗುತ್ತದೆ. ಆಮೇಲೆ ಕರಗಿ ಅಂಟಿಕೊಳ್ಳುತ್ತದೆ. ಆಗ ಅದು ಮಂದ, ಅಲ್ಲಾಡುವುದಿಲ್ಲ. ಕಾವು ಏರಿದ ಮೇಲೆ ತೆಳ್ಳಗಾಗಿ, ಆಲೆಮನೆ ಕೊಪ್ಪರಿಗೆಯಲ್ಲಿ ಪಾಕ ಬಂದ ಬೆಲ್ಲದ ಹಾಗೆ ಸಣ್ಣ ಸಣ್ಣ ಗುಳ್ಳೆ ಒಡೆಯುತ್ತಾ ಕುದಿಯುತ್ತದೆ. ಮೈಯೆಲ್ಲ ಹಾಗೆ ಕುದಿಯಬೇಕು. ಒಂದು ಕಡೆ ಕುದಿದು ಇನ್ನೊಂದು ಕಡೆ ಮಂದ ನಿಂತಿದ್ದರೆ ಆ ಕಡೆ ಇನ್ನೂ ಕಾವು ಬಂದಿಲ್ಲ.

ಮದ್ದೂರು ಕುಲುಮೆ

ಆಚಾರ್ರೇ, ಟೂಲ್‌ರೂಮ್ ಸರ್, ಇಬ್ಬರಿಗೂ ಥ್ಯಾಂಕ್ಸ್. ಉತ್ತರ ಇಲ್ಲಿದೆ.

ಸಿಲಿಂಡರ್ 19 ಕೆಜಿಯ ಕಮರ್ಷಿಯಲ್, ಒಂದೇ. ಹೈ ಪ್ರೆಶರ್ ರೆಗ್ಯುಲೇಟರ್. ಅರ್ಧ ಗಂಟೆ ಆದ ಮೇಲೆ ಸಿಲಿಂಡರ್ ಕೆಳಭಾಗ ಬೆವರಿ ಮಂಜು ಕಟ್ಟುತ್ತದೆ. ಬರ್ನರ್ ಸದ್ದೂ ಸ್ವಲ್ಪ ಕಡಿಮೆ ಆಗುತ್ತದೆ. ಅದು ಮಾಮೂಲು ಅಂದುಕೊಂಡಿದ್ದೆ. ಜ್ವಾಲೆ ಹೊರಗೆ ಬರುವುದಿಲ್ಲ. ಗ್ಯಾಸ್ ಉಳಿಯಲಿ ಅಂತ ನೀಲಿಯಾಗಿ ಇಟ್ಟುಕೊಂಡಿದ್ದೇನೆ. ಶೆಡ್ಡಿಗೆ ಒಂದು ಕಡೆ ಗೋಡೆ ಇಲ್ಲ, ಮಧ್ಯಾಹ್ನ ಬಿಸಿಲು ಒಳಗೆ ಬೀಳುತ್ತದೆ. ಪಟ್ಟಿಗಳನ್ನು ಆಂಗಲ್ ಗ್ರೈಂಡರ್‌ಗೆ ಫ್ಲಾಪ್ ಡಿಸ್ಕ್ ಹಾಕಿ ಉಜ್ಜಿದ್ದು. ಹಳದಿ ಆದ ತಕ್ಷಣ ತೆಗೆದು ಬಡಿಯುತ್ತೇನೆ. ಸುಟ್ಟುಹೋಗುತ್ತದೆ ಅನ್ನುವ ಭಯ.

ಹೆಬ್ಬಾಳು ಟೂಲ್‌ರೂಮ್

ಸರಿ, ಈಗ ಚಿತ್ರ ಸ್ಪಷ್ಟ ಆಯಿತು. ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ನಡುವಿನ ಕಪ್ಪು ಗೆರೆ. ಸಿಲಿಂಡರ್‌ನಲ್ಲಿ ಇರುವುದು ದ್ರವ. ಅದು ಆವಿಯಾಗಲು ಶಾಖ ಬೇಕು, ಆ ಶಾಖವನ್ನು ಸಿಲಿಂಡರ್‌ನ ತಗಡಿನಿಂದಲೇ ಎಳೆದುಕೊಳ್ಳುತ್ತದೆ. ನೀವು ಜೋರಾಗಿ ಗ್ಯಾಸ್ ಎಳೆದಷ್ಟೂ ದ್ರವ ತಣ್ಣಗಾಗುತ್ತದೆ. ತಣ್ಣಗಾದಷ್ಟೂ ಒತ್ತಡ ಇಳಿಯುತ್ತದೆ. ನಮ್ಮಲ್ಲಿ ಸಿಗುವ ಎಲ್‌ಪಿಜಿ ಪ್ರೊಪೇನ್ ಮತ್ತು ಬ್ಯುಟೇನ್ ಬೆರಕೆ. ಬ್ಯುಟೇನ್ ಸೊನ್ನೆ ಡಿಗ್ರಿ ಹತ್ತಿರ ಬಂದರೆ ಆವಿಯಾಗುವುದನ್ನೇ ನಿಲ್ಲಿಸುತ್ತದೆ. ಪ್ರೊಪೇನ್ ಮೈನಸ್ 42ರ ತನಕ ಆವಿಯಾಗುತ್ತದೆ, ಆದ್ದರಿಂದ ಮೊದಲು ಅದು ಖಾಲಿ ಆಗುತ್ತದೆ. ಉಳಿಯುವುದು ಮಂದ ಗ್ಯಾಸ್. ಅಮೆರಿಕದವರ ವಿಡಿಯೋ ನೋಡಿ ರೆಗ್ಯುಲೇಟರ್ ಸೆಟ್ಟಿಂಗ್ ಇಟ್ಟುಕೊಂಡಿದ್ದರೆ ಇದನ್ನು ನೆನಪಿಡಿ. ಅವರದು ಬಹುತೇಕ ಪ್ರೊಪೇನ್.

ಅಂದರೆ ನಿಮಗೆ ಕಾವು ಜಾಸ್ತಿ ಬೇಕಾದ ಹೊತ್ತಿಗೇ ಕುಲುಮೆ ಇಳಿಯುತ್ತಿದೆ. ಮೇಲ್ಮೈ ಹಳದಿ ಕಂಡ ತಕ್ಷಣ ತೆಗೆಯುತ್ತೀರಿ. ನಿಮ್ಮ ಬಿಲೆಟ್ ಹದಿನಾರೂವರೆ ಮಿ.ಮೀ. ದಪ್ಪ. ಏಳು ಬಿಡಿ ಪಟ್ಟಿ, ನಡುವೆ ಸಂದಿ. ಸಂದಿ ಇದ್ದರೆ ಶಾಖ ಸಲೀಸಾಗಿ ಒಳಗೆ ಹೋಗುವುದಿಲ್ಲ. ಹೊರಗೆ 1200 ಇದ್ದರೂ ನಡುವಿನ ಪಟ್ಟಿ ಇನ್ನೂ ಕಿತ್ತಳೆ ಬಣ್ಣದಲ್ಲೇ ಇರುತ್ತದೆ. ಹೊರಗಿನ ಜೋಡಿಗಳು ಕೂತವು, ನಡುವಿನದು ಕೂರಲಿಲ್ಲ. ಕೊಯ್ದಾಗ ಕಂಡದ್ದು ಅದೇ.

ಮದ್ದು ಏನು? ಇನ್ನೊಂದು ಸಿಲಿಂಡರ್ ಜೋಡಿಸಿ, ಎರಡರಿಂದಲೂ ಗ್ಯಾಸ್ ಬರಲಿ. ಆಗದಿದ್ದರೆ ಸಿಲಿಂಡರ್ ಅನ್ನು ನೀರಿನ ಟಬ್ಬಿನಲ್ಲಿ ನಿಲ್ಲಿಸಿ. ನೀರು ಉಗುರು ಬೆಚ್ಚಗೆ ಇದ್ದರೆ ಸಾಕು. ದಯವಿಟ್ಟು ಕುದಿಯುವ ನೀರು ಸುರಿಯಬೇಡಿ, ಬೆಂಕಿ ಹತ್ತಿರ ತರಲೇಬೇಡಿ. ಆಮೇಲೆ ಬಿಲೆಟ್ ಮತ್ತು ಕುಲುಮೆಯ ಒಳಗೋಡೆ ಒಂದೇ ಬಣ್ಣ ಆದ ಮೇಲೂ ಒಂದೈದು ನಿಮಿಷ ಬಿಡಿ. ಮಗುಚಿ ಹಾಕಿ, ಇನ್ನೂ ಸ್ವಲ್ಪ ಬಿಡಿ. 1230ರಲ್ಲಿ ಐದು ನಿಮಿಷ ಬಿಟ್ಟರೆ 1084 ಸುಡುವುದಿಲ್ಲ. ಆ ಭಯ ಬಿಡಿ.

ಇನ್ನು ನೀಲಿ ಜ್ವಾಲೆ. ಗ್ಯಾಸ್ ಉಳಿಸಲು ಹೋಗಿ ಉಕ್ಕು ಕಳೆದುಕೊಳ್ಳುತ್ತಿದ್ದೀರಿ. ನೀಲಿ, ಚುರುಕು ಜ್ವಾಲೆ ಅಂದರೆ ಒಳಗೆ ಆಮ್ಲಜನಕ ಉಳಿದಿರಬಹುದು. ಅದು ನಿಮ್ಮ ಪಟ್ಟಿಗಳ ಸಂದಿಗೆ ನುಗ್ಗಿ ಕಿಟ್ಟ ಕಟ್ಟುತ್ತದೆ. ಬೆಸುಗೆ ಹೊತ್ತಿನಲ್ಲಿ ಗ್ಯಾಸ್ ಸ್ವಲ್ಪ ಜಾಸ್ತಿ, ಗಾಳಿ ಸ್ವಲ್ಪ ಕಡಿಮೆ ಇರಲಿ. ಬಾಗಿಲಿಂದ ಗೇಣುದ್ದ ಹಳದಿ ಜ್ವಾಲೆ ಮೆಲ್ಲಗೆ ಹೊರಗೆ ಬರಬೇಕು. ಹಾಗಂತ ಅತಿ ಮಾಡಿದರೆ ಕಾವೇ ಇಳಿದುಹೋಗುತ್ತದೆ.

ಒಂದು ಎಚ್ಚರಿಕೆ. ಹೀಗೆ ಇಟ್ಟಾಗ ಕಾರ್ಬನ್ ಮಾನಾಕ್ಸೈಡ್ ಜಾಸ್ತಿ ಬರುತ್ತದೆ. ಅದಕ್ಕೆ ವಾಸನೆ ಇಲ್ಲ. ನಿಮ್ಮ ಶೆಡ್ಡಿಗೆ ಒಂದು ಗೋಡೆ ಇಲ್ಲದ್ದು ಒಳ್ಳೆಯದೇ ಆಯಿತು. ಬಿಸಿಲು ಬೀಳುತ್ತದೆ ಅಂತ ಅದನ್ನು ಟಾರ್ಪಾಲಿನಿಂದ ಪೂರ್ತಿ ಮುಚ್ಚಲು ಹೋಗಬೇಡಿ. ಬೆಳಿಗ್ಗೆ ಬೇಗ ಕೆಲಸ ಮಾಡಿ. ಬಿಸಿಲಲ್ಲಿ ನೋಡಿದರೆ ಎಲ್ಲ ಬಣ್ಣವೂ ಮಂಕು, ಅಂದಾಜು ಕೆಡುತ್ತದೆ.

ಗುಜರಿ ಪ್ರಿಯ

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಇಷ್ಟೆಲ್ಲ ಖರ್ಚು ಯಾಕೆ? ಲಾರಿ ಪ್ಲೇಟು (ಸ್ಪ್ರಿಂಗ್ ಪಟ್ಟಿ) ಮತ್ತು ಬೇರಿಂಗ್ ಸೇರಿಸಿ ಮಾಡಬಹುದಲ್ಲ. ಗುಜರಿಯಲ್ಲಿ ಎರಡೂ ಸಿಗುತ್ತವೆ.

ಹೆಬ್ಬಾಳು ಟೂಲ್‌ರೂಮ್

ಮಾಡಬಹುದು, ಕಲಿಯುವವರಿಗೆ ಬೇಡ. ಬೇರಿಂಗ್ ಉಕ್ಕು ಅಂದರೆ ಇಎನ್31 ಜಾತಿ. ಅದರಲ್ಲಿ ಶೇ. 1ರ ಹತ್ತಿರ ಇಂಗಾಲ, ಜೊತೆಗೆ ಶೇ. 1ಕ್ಕಿಂತ ಜಾಸ್ತಿ ಕ್ರೋಮಿಯಂ. ಲಾರಿ ಪ್ಲೇಟಿನಲ್ಲಿ ಹಲವು ಜಾತಿ. ಇಎನ್45 ಆದರೆ ಶೇ. 1.5ರಿಂದ 2 ಸಿಲಿಕಾನ್. ಕ್ರೋಮಿಯಂ ಆಗಲಿ ಸಿಲಿಕಾನ್ ಆಗಲಿ, ಅದರ ಪೊರೆ ಹಠಮಾರಿ. ಬರೀ ಕಬ್ಬಿಣದ ಕಿಟ್ಟವನ್ನು ಬಿಳಿಗಾರ ಸುಲಭವಾಗಿ ಕರಗಿಸುತ್ತದೆ, ಇವನ್ನು ಅಷ್ಟು ಸುಲಭವಾಗಿ ಅಲ್ಲ. ಮೇಲಾಗಿ ಕೊನೆಗೆ ವಿನ್ಯಾಸ ಕಾಣಿಸಲು ಅದ್ದುವ ಆಸಿಡ್‌ನಲ್ಲಿ ಎರಡೂ ಒಂದೇ ತರ ಮಬ್ಬಾಗಿ, ವಿನ್ಯಾಸವೇ ಎದ್ದು ಕಾಣದೆ ಹೋಗಬಹುದು. 15ಎನ್20 ಯಾಕೆ ಹಾಕುತ್ತಾರೆ ಅಂದರೆ ಅದರಲ್ಲಿ ಶೇ. 2 ನಿಕಲ್ ಇದೆ. ಫೆರಿಕ್ ಕ್ಲೋರೈಡ್‌ಗೆ ಅದ್ದಿದಾಗ 1084 ಕಪ್ಪಾಗುತ್ತದೆ, ಇದು ಹೊಳೆಯುತ್ತಾ ಉಳಿಯುತ್ತದೆ. ಹದ ಹಾಕುವಾಗಲೂ ಇಬ್ಬರದೂ ಒಂದೇ ಕಾವು. ಮೊದಲು ಈ ಜೋಡಿಯಲ್ಲಿ ಕೈ ಕುದುರಲಿ.

ಮತ್ತೆ, ಗುಜರಿ ಕಬ್ಬಿಣದಲ್ಲಿ ಜಿಂಕ್ ಲೇಪನ ಇರುವ ತುಂಡು ಕಂಡರೆ ಕುಲುಮೆಗೆ ಹಾಕಲೇಬೇಡಿ. ಆ ಹೊಗೆ ಕುಡಿದರೆ ರಾತ್ರಿಗೆ ಚಳಿಜ್ವರ ಗ್ಯಾರಂಟಿ.

ಕೆಆರ್‌ಎಸ್ ರೋಡ್

ಗುಳ್ಳೆ ಬಗ್ಗೆ ನಾನು ಹೇಳುತ್ತೇನೆ, ನನಗೂ ಇದೇ ಆಗುತ್ತಿತ್ತು. ಫ್ಲಾಪ್ ಡಿಸ್ಕ್‌ನಲ್ಲಿ ಉಜ್ಜಿದರೆ ಪಟ್ಟಿಯ ನಡುವೆ ಗೊತ್ತಾಗದಷ್ಟು ಹಳ್ಳ ಬೀಳುತ್ತದೆ. ಎರಡು ಪಟ್ಟಿಯನ್ನು ಮುಖಕ್ಕೆ ಮುಖ ಇಟ್ಟು ಬೆಳಕಿಗೆ ಹಿಡಿದು ನೋಡಿ. ನಡುವೆ ಬೆಳಕು ತೂರಿ ಬಂದರೆ ಅಲ್ಲಿ ಹಳ್ಳ ಇದೆ. ಬಡಿದಾಗ ಅಂಚು ಮೊದಲು ಕೂತುಬಿಡುತ್ತದೆ. ಕರಗಿದ ಬಿಳಿಗಾರಕ್ಕೆ ಹೊರಗೆ ಹೋಗಲು ದಾರಿ ಇರುವುದಿಲ್ಲ. ಒಳಗೇ ಸಿಕ್ಕಿಕೊಂಡು, ಮುಂದಿನ ಕಾವಿನಲ್ಲಿ ಉಬ್ಬುತ್ತದೆ.

ಚಪ್ಪಟೆ ಇರಬೇಕು. ಆಗದಿದ್ದರೆ ನಡುಭಾಗ ಒಂದು ಚೂರು ಉಬ್ಬಿದ್ದರೂ ಪರವಾಗಿಲ್ಲ, ತಗ್ಗಿರಬಾರದು. ದಪ್ಪ ಗಾಜಿನ ಮೇಲೆ ಎಮರಿ ಹಾಳೆ ಅಂಟಿಸಿ ಕೈಯಲ್ಲೇ ಉಜ್ಜಿ ಮುಗಿಸಿ. 60 ನಂಬರ್ ಸಾಕು, ಕನ್ನಡಿ ಹೊಳಪು ಬೇಕಿಲ್ಲ. ಆಮೇಲೆ ಅಸಿಟೋನ್‌ನಲ್ಲಿ ಒರೆಸಿ, ಮತ್ತೆ ಬರಿಗೈಯಲ್ಲಿ ಮುಟ್ಟಬೇಡಿ.

ಬಿಳಿಗಾರ ಎಲ್ಲಿಂದ ತಂದಿರಿ?

ಮದ್ದೂರು ಕುಲುಮೆ

ಮೈಸೂರಿನ ದೇವರಾಜ ಮಾರ್ಕೆಟ್ ಹತ್ತಿರ, ಗ್ರಂಧಿಗೆ ಅಂಗಡಿಯಲ್ಲಿ. ಕಲ್ಲುಸಕ್ಕರೆ ತರ ಹರಳು. ಕುಟ್ಟಿ ಪುಡಿ ಮಾಡಿ ಹಾಕುತ್ತಿದ್ದೇನೆ. ಸುರಿದ ತಕ್ಷಣ ನೊರೆ ಉಕ್ಕಿ ಅರ್ಧ ಕೆಳಗೇ ಬೀಳುತ್ತದೆ.

ಕೆಆರ್‌ಎಸ್ ರೋಡ್

ಅದೇ ನೋಡಿ. ಆ ಹರಳಿನ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ. ನೀರು ಆವಿಯಾಗುವಾಗ ಉಬ್ಬುತ್ತದೆ, ಪಟ್ಟಿಗಳನ್ನು ಬೇರೆ ಮಾಡುತ್ತದೆ. ಒಂದು ಹಳೇ ಕಬ್ಬಿಣದ ಬಾಣಲೆಯಲ್ಲಿ ಹಾಕಿ ಹುರಿಯಿರಿ. ಉಬ್ಬಿ, ಹಗುರವಾಗಿ, ಅಲ್ಲಾಡುವುದು ನಿಂತ ಮೇಲೆ ಆರಿಸಿ ಪುಡಿ ಮಾಡಿ ಮುಚ್ಚಿದ ಡಬ್ಬಿಯಲ್ಲಿಡಿ. ಗಾಳಿಗೆ ಬಿಟ್ಟರೆ ಮತ್ತೆ ತೇವ ಎಳೆದುಕೊಳ್ಳುತ್ತದೆ. ಆ ಬಾಣಲೆಯನ್ನು ಮತ್ತೆ ಅಡಿಗೆಮನೆಗೆ ತರಬೇಡಿ, ಮನೆಯವರ ಕೈಯಲ್ಲಿ ಬೈಸಿಕೊಳ್ಳುತ್ತೀರಿ.

ಬಿಳಿಗಾರವನ್ನು ಮಂದ ಕೆಂಪಿನಲ್ಲಿ ಹಾಕಿ. ಕಿತ್ತಳೆ ಆಗುವ ತನಕ ಕಾದರೆ ಅಷ್ಟರಲ್ಲಿ ಕಿಟ್ಟ ಕಟ್ಟಿರುತ್ತದೆ. ಬಿಲೆಟ್ ಅನ್ನು ಅಡ್ಡ ತಿರುಗಿಸಿ, ಸಂದಿಗಳು ಮೇಲೆ ಕಾಣುವ ಹಾಗೆ ಹಿಡಿದು ಹಾಕಿ. ಕರಗಿ ಸಂದಿಗೆ ಇಳಿಯುತ್ತದೆ. ಚಪ್ಪಟೆ ಮುಖದ ಮೇಲೆ ಸುರಿದರೆ ಸುಮ್ನೆ ಕುಲುಮೆಯ ನೆಲ ತಿನ್ನುತ್ತದೆ ಅಷ್ಟೇ. ಕುಲುಮೆ ಒಳಗಿನ ಸೆರಾಮಿಕ್ ಉಣ್ಣೆ ಬರಿದಾಗಿದ್ದರಂತೂ ಬಿಳಿಗಾರ ಅದನ್ನು ಕರಗಿಸಿ ತೂತು ಮಾಡಿಬಿಡುತ್ತದೆ. ನೆಲಕ್ಕೆ ಕಾವು ತಡೆಯುವ ಕ್ಯಾಸ್ಟಬಲ್ ಸಿಮೆಂಟ್ ಬಳಿದಿದ್ದೀರಿ ತಾನೇ?

ಚಾಕು ಹುಚ್ಚ

ಬಿಳಿಗಾರವೇ ಬೇಡ ಅನ್ನುತ್ತಾರಲ್ಲ? ಸೀಮೆಎಣ್ಣೆಯಲ್ಲಿ ಅದ್ದಿ ಹಾಗೇ ಕುಲುಮೆಗೆ ಇಡುವುದನ್ನು ನೋಡಿದ್ದೇನೆ.

ಹೆಬ್ಬಾಳು ಟೂಲ್‌ರೂಮ್

ಆಗುತ್ತದೆ, ನಾನೂ ಈಗ ಹಾಗೇ ಮಾಡುವುದು. ಎಣ್ಣೆ ಸುಟ್ಟು ಸಂದಿಯಲ್ಲಿ ಮಸಿ ಉಳಿಯುತ್ತದೆ, ಒಳಗಿನ ಆಮ್ಲಜನಕವನ್ನು ಅದು ತಿಂದುಹಾಕುತ್ತದೆ. ಆದರೆ ಅದಕ್ಕೆ ಪಟ್ಟಿ ಪೂರ್ತಿ ಚಪ್ಪಟೆ ಇರಬೇಕು, ಕುಲುಮೆಯಲ್ಲಿ ಬಿಡಿ ಆಮ್ಲಜನಕ ಇರಬಾರದು. ಗ್ಯಾರಂಟಿ ಬೇಕಿದ್ದರೆ ಸುತ್ತಲೂ ಅಂಚನ್ನು ವೆಲ್ಡ್ ಮಾಡಿ ಮುಚ್ಚಬೇಕು. ಒಂದು ಸೂಜಿಮೊನೆಯಷ್ಟು ತೂತು ಉಳಿದರೂ ಅಲ್ಲಿಂದ ಗಾಳಿ ಹೋಗುತ್ತದೆ. ಬಿಳಿಗಾರ ಸಣ್ಣಪುಟ್ಟ ತಪ್ಪು ತೊಳೆಯುತ್ತದೆ, ಈ ದಾರಿ ತೊಳೆಯುವುದಿಲ್ಲ. ಮದ್ದೂರಿನವರು ಈಗಲೇ ಇದಕ್ಕೆ ಹೋಗುವುದು ಬೇಡ ಅಂತ ನನ್ನ ಅಭಿಪ್ರಾಯ.

ಯಾವ ದಾರಿಯಾದರೂ, ಅಂಚಿನಲ್ಲಿ ಹಾಕಿದ ಆ ವೆಲ್ಡಿಂಗ್ ರಾಡಿನ ಲೋಹವನ್ನು ಬೆಸುಗೆ ಕೂತ ಮೇಲೆ ಗ್ರೈಂಡ್ ಮಾಡಿ ತೆಗೆಯಲೇಬೇಕು. ಬಿಟ್ಟರೆ ಮಡಿಸಿದಾಗ ಒಳಗೆ ಹೋಗಿ ಕುಳಿತು, ಕೊನೆಗೆ ಚಾಕುವಿನ ಬಾಯಿಯಲ್ಲೇ ಮೆದು ಚುಕ್ಕಿಯಾಗಿ ಬರುತ್ತದೆ.

ಇದ್ದಿಲು ಆಚಾರಿ

ಸೀಮೆಎಣ್ಣೆ ಎಲ್ಲ ನಿಮ್ಮ ಪೆಟ್ಟಿಗೆ ಕುಲುಮೆಗೆ ಸರಿ. ಇದ್ದಿಲಿನಲ್ಲಿ ಮಾಡುವವರು ಯಾರಾದರೂ ಓದುತ್ತಿದ್ದರೆ, ನಿಮಗೆ ಬೇಕಿರುವುದು ಆಳವಾದ ಬೆಂಕಿ. ಗಾಳಿ ಬರುವ ತೂತಿನ ಮೇಲೆ ಕನಿಷ್ಠ ಗೇಣಷ್ಟು ಕೆಂಡ ಇರಬೇಕು, ಅದರ ಮೇಲೆ ಬಿಲೆಟ್, ಅದರ ಮೇಲೆ ಮತ್ತೆ ಕೆಂಡ. ಗಾಳಿಯಲ್ಲಿನ ಆಮ್ಲಜನಕ ಕೆಳಗಿನ ಕೆಂಡದಲ್ಲೇ ಮುಗಿಯಬೇಕು. ಬೇಗ ಕಾಯಲಿ ಅಂತ ಗಾಳಿಯ ಬಾಯಿಗೇ ಇಟ್ಟರೆ ಒಂದು ಕಡೆ ಸುಡುತ್ತದೆ, ಇನ್ನೊಂದು ಕಡೆ ಕಿಟ್ಟ ಕಟ್ಟುತ್ತದೆ. ಕಲ್ಲಿದ್ದಲಿನಲ್ಲಿ ಗಂಧಕ ಇರುತ್ತದೆ, ಅದು ಉಕ್ಕಿಗೆ ಆಗಿಬರುವುದಿಲ್ಲ. ಚೆನ್ನಾಗಿ ಉರಿದು ಕೋಕ್ ಆದ ಮೇಲೆ ಮಾತ್ರ ಬೆಸುಗೆಗೆ ಇಡಿ. ತೆಂಗಿನ ಚಿಪ್ಪಿನ ಇದ್ದಿಲು ನಮ್ಮ ಕಡೆ ಸುಲಭವಾಗಿ ಸಿಗುತ್ತದೆ, ಕಾವೂ ಚೆನ್ನಾಗಿ ಕೊಡುತ್ತದೆ. ಚಟಪಟ ಸಿಡಿಯುತ್ತದೆ, ಕಣ್ಣಿಗೆ ಕನ್ನಡಕ ಇರಲಿ.

ಈಗ ತುದಿ ಬಾಯಿ ಬಿಡುವ ವಿಷಯ. ಮೊದಲ ಪೆಟ್ಟು ಹೇಗೆ ಹಾಕುತ್ತೀರಿ ಅಂತ ಹೇಳಲೇ ಇಲ್ಲ.

ಮದ್ದೂರು ಕುಲುಮೆ

ಒಂದು ಕೆಜಿ ಸುತ್ತಿಗೆ. ಬಲವಾಗಿಯೇ ಹೊಡೆಯುತ್ತೇನೆ, ಕಾವು ಇಳಿಯುವುದರೊಳಗೆ ಆಗಲಿ ಅಂತ. ಅದೇ ಕಾವಿನಲ್ಲಿ ಮಗ್ಗುಲನ್ನೂ ಸರಿ ಮಾಡುತ್ತೇನೆ.

ಇದ್ದಿಲು ಆಚಾರಿ

ಮೊದಲ ಕಾವಿನಲ್ಲಿ ಬಲ ಬೇಡ, ಬೇಗ ಬೇಕು. ನಡುವಿನಿಂದ ಶುರು ಮಾಡಿ ಎರಡೂ ಕಡೆಗೆ, ಒಂದರ ಪಕ್ಕ ಒಂದು, ಹಗುರ ಪೆಟ್ಟು. ಬಿಳಿಗಾರ ಪಿಚಕ್ ಅಂತ ಅಂಚಿನಿಂದ ಹಾರಬೇಕು. ಅದು ಮೈಮೇಲೆ ಬಿದ್ದರೆ ಬೊಬ್ಬೆ, ಅಂಗಿ ತೋಳು ಉದ್ದ ಇರಲಿ, ನೈಲಾನ್ ಬೇಡ. ಬಲವಾಗಿ ಹೊಡೆದರೆ ಪಟ್ಟಿ ಪಕ್ಕಕ್ಕೆ ಜಾರುತ್ತದೆ, ಕೂತದ್ದೂ ಹರಿಯುತ್ತದೆ. ಮಗ್ಗುಲಿಗೆ ಆ ಕಾವಿನಲ್ಲಿ ಕೈ ಹಚ್ಚಲೇಬೇಡಿ. ಪುಸ್ತಕ ಬಿಚ್ಚಿದಂತೆ ಬಿಚ್ಚಿಕೊಳ್ಳುತ್ತದೆ. ಬ್ರಷ್‌ನಲ್ಲಿ ಉಜ್ಜಿ, ಮತ್ತೆ ಬಿಳಿಗಾರ, ಮತ್ತೆ ಪೂರ್ತಿ ಕಾವು, ಮತ್ತೆ ಹಾಗೇ. ಎರಡನೆಯದೋ ಮೂರನೆಯದೋ ಕಾವಿನಲ್ಲಿ ಸದ್ದು ಬದಲಾಗುತ್ತದೆ. ಬಿಡಿ ಪಟ್ಟಿಯ ಸದ್ದು ಒಡಕು, ಕೂತ ಮೇಲೆ ಗಟ್ಟಿ ತುಂಡಿನ ಸದ್ದು. ಆಮೇಲೆ ಎಳೆಯಿರಿ.

ಅಡಿಗಲ್ಲು ತಣ್ಣಗಿದ್ದರೆ ಕೆಳಗಿನ ಪಟ್ಟಿಯ ಕಾವನ್ನೆಲ್ಲ ಕುಡಿದುಬಿಡುತ್ತದೆ. ಒಂದು ದಪ್ಪ ಕಬ್ಬಿಣ ಕಾಯಿಸಿ ಅದರ ಮೇಲೆ ಸ್ವಲ್ಪ ಹೊತ್ತು ಇಟ್ಟಿರಿ.

ಹೆಬ್ಬಾಳು ಟೂಲ್‌ರೂಮ್

ಆಚಾರ್ರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಬೆಸುಗೆ ಕೂತ ಮೇಲೆ ಎಳೆಯುವಾಗ ಇದು ಉಲ್ಟಾ. ಆಗ ಹಗುರ ಪೆಟ್ಟು ಕೆಟ್ಟದ್ದು. ಸಣ್ಣ ಸುತ್ತಿಗೆಯಲ್ಲಿ ತಟ್ಟಿದರೆ ಮೇಲಿನ ಮತ್ತು ಕೆಳಗಿನ ಪದರ ಮಾತ್ರ ಉದ್ದಕ್ಕೆ ಹರಿಯುತ್ತದೆ, ನಡುವಿನದು ಹಿಂದೆ ಉಳಿಯುತ್ತದೆ. ತುದಿ ಮೀನಿನ ಬಾಯಿ ಆಗುವುದು ಹೀಗೇ. ಎಳೆಯಲು ಸಮ್ಮಟಿಗೆ ಹಿಡಿಯುವ ಒಬ್ಬರು ಜೊತೆಗಿದ್ದರೆ ಒಳ್ಳೆಯದು, ಪ್ರೆಸ್ ಇದ್ದರೆ ಇನ್ನೂ ಒಳ್ಳೆಯದು. ಕಾವು ಕಿತ್ತಳೆಗೆ ಇಳಿದ ಮೇಲೆ ಎಳೆಯಬೇಡಿ. ಮೊದಲ ಎರಡು ಮೂರು ಸುತ್ತು ಬೆಸುಗೆ ಕಾವಿನಲ್ಲೇ ಎಳೆಯಿರಿ. ಸಣ್ಣ ಸಂದಿ ಉಳಿದಿದ್ದರೂ ಅಲ್ಲೇ ಮುಚ್ಚಿಕೊಳ್ಳುತ್ತದೆ.

ಕೂತಿದೆಯೋ ಇಲ್ಲವೋ ಪರೀಕ್ಷೆ ಮಾಡಲು ಕೊಯ್ಯಬೇಕಿಲ್ಲ. ಬಿಲೆಟ್ ಹೊರಗೆ ತೆಗೆದು, ನೆರಳಿನಲ್ಲಿ ಹಿಡಿದು, ಹಳದಿಯಿಂದ ಕೆಂಪಿಗೆ ಇಳಿಯುವುದನ್ನು ನೋಡುತ್ತಾ ನಿಲ್ಲಿ. ಎಲ್ಲ ಕಡೆ ಒಂದೇ ಸಮ ಇಳಿದರೆ ಸರಿ. ಒಂದು ಕಡೆ ಮೇಲಿನ ಪದರ ಬೇಗ ಕಪ್ಪಾದರೆ, ಅದರ ಕೆಳಗೆ ಸಂದಿ ಇದೆ. ಒಳಗಿನ ಶಾಖ ಅದಕ್ಕೆ ತಲುಪುತ್ತಿಲ್ಲ. ಸೀಮೆಸುಣ್ಣದಲ್ಲಿ ಗುರುತು ಹಾಕಿ, ಅಲ್ಲಿಗೇ ಬಿಳಿಗಾರ ಕೊಟ್ಟು ಮತ್ತೆ ಕೂರಿಸಿ.

ಶ್ರೀರಂಗಪಟ್ಟಣದವ

ಟಿಪ್ಪು ಕಾಲದ ಕತ್ತಿಗಳಲ್ಲೂ ಇದೇ ತರ ಅಲೆ ಅಲೆ ವಿನ್ಯಾಸ ಇರುತ್ತದಲ್ಲ. ನಮ್ಮವರು ಹಾಗಾದರೆ ಇಷ್ಟು ಪದರ ಬೆಸೆಯುತ್ತಿದ್ದರಾ?

ಹೆಬ್ಬಾಳು ಟೂಲ್‌ರೂಮ್

ಅದು ಬೇರೆ ದಾರಿ. ನೀವು ಹೇಳುವ ಅಲೆ ವಿನ್ಯಾಸ ಸಾಮಾನ್ಯವಾಗಿ ಕುಡಿಕೆ ಉಕ್ಕಿನದು. ಕಬ್ಬಿಣ ಮತ್ತು ಸೌದೆ, ಸೊಪ್ಪು ಹಾಕಿ ಮಣ್ಣಿನ ಕುಡಿಕೆ ಮುಚ್ಚಿ ಕರಗಿಸುತ್ತಿದ್ದರು. ಒಂದೇ ಗಟ್ಟಿ ಸಿಗುತ್ತಿತ್ತು. ವಿನ್ಯಾಸ ಆ ಗಟ್ಟಿಯೊಳಗೇ ಇರುತ್ತದೆ, ಬೆಸುಗೆ ಇಲ್ಲ. 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆ ಸುತ್ತಿದಾಗ ಈ ಕೆಲಸವನ್ನು ನೋಡಿ ಬರೆದಿಟ್ಟಿದ್ದಾನೆ. ನಾವು ಮಾಡುವುದು ಎರಡು ಬೇರೆ ಉಕ್ಕನ್ನು ಬೆಸೆಯುವುದು. ಎರಡಕ್ಕೂ ಪೇಟೆಯಲ್ಲಿ ಡಮಾಸ್ಕಸ್ ಅಂತಲೇ ಹೆಸರಿಟ್ಟಿದ್ದಾರೆ, ಅದಕ್ಕೇ ಗೊಂದಲ. ಆಸಕ್ತಿ ಇದ್ದರೆ ಬೇರೆ ಎಳೆ ತೆರೆಯಿರಿ, ಇಲ್ಲಿ ಬೇಡ.

ಮದ್ದೂರು ಕುಲುಮೆ

ಸುದ್ದಿ ಹೇಳಲು ಬಂದೆ.

ಪರಿಚಯದ ಕ್ಯಾಂಟೀನಿನವರಿಂದ ಇನ್ನೊಂದು ಸಿಲಿಂಡರ್ ತಂದು ಜೋಡಿಸಿದೆ. ಕಾವು ಅಳೆಯುವ ಕೆ-ಟೈಪ್ ಥರ್ಮೋಕಪಲ್ ಒಂದನ್ನು ಕುಲುಮೆಯೊಳಗೆ ಬಿಟ್ಟು ನೋಡಿದೆ. ಮೊದಲು ಹಳೇ ರೀತಿಯಲ್ಲೇ, ಒಂದೇ ಸಿಲಿಂಡರ್, ನೀಲಿ ಜ್ವಾಲೆ. 1180 ತನಕ ಏರಿ, ಮಂಜು ಕಟ್ಟಿದ ಮೇಲೆ 1090ಕ್ಕೆ ಇಳಿದು ನಿಂತಿತು. ಕಣ್ಣಿಗೆ ಅದೂ ಹಳದಿಯಂತೆಯೇ ಕಾಣುತ್ತಿತ್ತು. ಎರಡು ಸಿಲಿಂಡರ್, ಸ್ವಲ್ಪ ಗ್ಯಾಸ್ ಜಾಸ್ತಿ ಇಟ್ಟಾಗ 1240ರಲ್ಲಿ ಅಲುಗಾಡದೆ ನಿಂತಿತು.

ಪಟ್ಟಿಗಳನ್ನು ಗಾಜಿನ ಮೇಲೆ ಉಜ್ಜಿದೆ. ಬೆಳಕಿಗೆ ಹಿಡಿದು ನೋಡಿದಾಗ ಹಳ್ಳ ಕಂಡಿತು, ಕೆಆರ್‌ಎಸ್ ರೋಡ್ ಅವರು ಹೇಳಿದ್ದು ಸರಿ. ಹುರಿದ ಬಿಳಿಗಾರ ನೊರೆಯೇ ಬರಲಿಲ್ಲ. ಐದು ನಿಮಿಷ ಬಿಟ್ಟು, ಮಗುಚಿ, ಮತ್ತೆ ಬಿಟ್ಟು ತೆಗೆದೆ. ಹಗುರ ಪೆಟ್ಟು. ಅಂಚಿನಿಂದ ಬಿಳಿಗಾರ ಹಾರಿದ್ದು ಈಗಲೇ ಮೊದಲು ನೋಡಿದ್ದು. ಸದ್ದು ಬದಲಾಗಿದ್ದು ಮೂರನೇ ಕಾವಿನಲ್ಲಿ.

ಕೊಯ್ದು ನೋಡಿದೆ. ನಡುವೆ ಗೆರೆ ಇಲ್ಲ. ಫೆರಿಕ್ ಕ್ಲೋರೈಡ್ ಹಚ್ಚಿದಾಗ ಏಳೂ ಪದರ ಸ್ಪಷ್ಟ, ಸಂದಿ ಎಲ್ಲೂ ಇಲ್ಲ. ಆದರೆ ತುದಿ ಈ ಸಲವೂ ಅರ್ಧ ಇಂಚು ಬಾಯಿ ಬಿಟ್ಟಿತು. ಒಬ್ಬನೇ ಇದ್ದೆ, ಅದೇ ಒಂದು ಕೆಜಿ ಸುತ್ತಿಗೆ.

ಇದ್ದಿಲು ಆಚಾರಿ

ಆ ಅರ್ಧ ಇಂಚು ಕತ್ತರಿಸಿ ಬಿಸಾಡಿ. ಎಲ್ಲರದೂ ಹೋಗುತ್ತದೆ, ಲೆಕ್ಕದಲ್ಲಿ ಮೊದಲೇ ಹಿಡಿದಿರಬೇಕು. ಬಾಯಿ ಬಿಟ್ಟ ತುದಿಗೆ ಬಿಳಿಗಾರ ತುಂಬಿ ಮತ್ತೆ ಕೂರಿಸಲು ಹೋದರೆ ಬಿರುಕು ಒಳಗೊಳಗೇ ಮುಂದಕ್ಕೆ ಹೋಗುತ್ತದೆ. ಬಿಸಿ ಇದ್ದಾಗ ಉಳಿಯಲ್ಲಿ ಕಡಿಯಿರಿ, ಕಡಿದ ಮುಖ ನೋಡಿ, ಗೆರೆ ಕಾಣದ ತನಕ ಇನ್ನೊಂದು ಚೂರು ಕಡಿಯಿರಿ.

ಮದ್ದೂರು ಕುಲುಮೆ

ಸರಿ ಆಚಾರ್ರೇ. ಇದನ್ನು ನಾಲ್ಕು ತುಂಡು ಮಾಡಿ ಒಂದರ ಮೇಲೊಂದು ಇಟ್ಟು 28 ಪದರ ಮಾಡಬೇಕು ಅಂತಿದ್ದೇನೆ. ಆಮೇಲೆ ತಿರುಚಬೇಕು.

ಹೆಬ್ಬಾಳು ಟೂಲ್‌ರೂಮ್

28 ಲೆಕ್ಕ ಪದರ ಹೌದು. ಕಣ್ಣಿಗೆ 25 ಕಾಣುತ್ತದೆ. ನಿಮ್ಮ ಬಿಲೆಟ್‌ನ ಮೇಲೂ ಕೆಳಗೂ 1084 ಇದೆ, ಹಾಗಾಗಿ ಜೋಡಿಸಿದ ಮೂರು ಕಡೆ 1084ಕ್ಕೆ 1084 ಸೇರಿ ಒಂದೇ ದಪ್ಪ ಪದರ ಆಗುತ್ತದೆ.

ಜೋಡಿಸುವ ಮೊದಲು ನಾಲ್ಕೂ ತುಂಡಿನ ಎರಡೂ ಮುಖ ಬೆಳ್ಳಗಾಗುವ ತನಕ ಉಜ್ಜಬೇಕು. ಮೊದಲ ಸಲ ಎಷ್ಟು ಕಾಳಜಿಯೋ ಎರಡನೇ ಸಲವೂ ಅಷ್ಟೇ. ಬಹಳ ಜನ ಇಲ್ಲೇ ಸೋಮಾರಿತನ ಮಾಡುತ್ತಾರೆ. ತಿರುಚುವ ಮೊದಲು ಬಿಲೆಟ್‌ನ ನಾಲ್ಕು ಮೂಲೆಯನ್ನು ಬಡಿದು ಎಂಟು ಮೂಲೆ ಮಾಡಿ. ಚೂಪು ಮೂಲೆ ಇದ್ದರೆ ತಿರುಚಿದಾಗ ಮಡಿಕೆ ಒಳಗೆ ಹೋಗುತ್ತದೆ. ತಿರುಚುವುದು ಬೆಸುಗೆಗೆ ಅತಿ ಕಠಿಣ ಪರೀಕ್ಷೆ. ನೆರಳಿನಲ್ಲಿ ತಣಿಯುವುದನ್ನು ನೋಡಿ ಸಮಾಧಾನ ಆದರೆ ಮಾತ್ರ ತಿರುಚಿ. ಹಳದಿ ಕಾವಿನಲ್ಲಿ, ಎಲ್ಲ ಕಡೆ ಒಂದೇ ಸಮ ಕಾದಿರುವಾಗ. ಒಂದು ಕಡೆ ಜಾಸ್ತಿ ಬಿಸಿ ಇದ್ದರೆ ಅಲ್ಲೇ ಎಲ್ಲ ತಿರುಚಿಕೊಂಡು ಹರಿದುಬಿಡುತ್ತದೆ.

ಗುಜರಿ ಪ್ರಿಯ

ಕೊನೆಯದಾಗಿ ನನ್ನದೊಂದು. ಪರಿಚಯದ ಸಾಮಿಲ್‌ನವರು ಹಳೇ ಬ್ಯಾಂಡ್ ಗರಗಸದ ಬ್ಲೇಡ್ ಕೊಡುತ್ತೇನೆ ಅಂದಿದ್ದಾರೆ. 15ಎನ್20 ಬದಲು ಅದು ನಡೆಯುತ್ತಾ?

ಕೆಆರ್‌ಎಸ್ ರೋಡ್

ಅಗಲ ಇರುವ ಮರದ ಗರಗಸದ ಬ್ಲೇಡುಗಳಲ್ಲಿ ಬಹಳಷ್ಟು ನಿಕಲ್ ಇರುವ ಉಕ್ಕೇ, ಆದರೆ ಎಲ್ಲವೂ ಅಲ್ಲ. ತೆಗೆದುಕೊಳ್ಳುವ ಮೊದಲು ಒಂದು ಚೂರು ಕೇಳಿ. ಅದನ್ನೂ ಒಂದು ಚೂರು 1084 ಅನ್ನೂ ಬೆಳ್ಳಗೆ ಉಜ್ಜಿ, ಎರಡನ್ನೂ ಕಾಯಿಸಿ ಎಣ್ಣೆಗೆ ಅದ್ದಿ ಗಡಸು ಮಾಡಿ, ಮತ್ತೆ ಉಜ್ಜಿ. ಒಂದು ಪಾಲು ಫೆರಿಕ್ ಕ್ಲೋರೈಡ್‌ಗೆ ಮೂರು ಪಾಲು ನೀರು ಬೆರೆಸಿ ಎರಡನ್ನೂ ಒಟ್ಟಿಗೆ ಹತ್ತು ನಿಮಿಷ ಬಿಡಿ. ಗರಗಸದ ಚೂರು ಬೆಳ್ಳಿ ಬಣ್ಣದಲ್ಲೇ ಉಳಿದರೆ ಪೂರ್ತಿ ಬ್ಲೇಡ್ ತೆಗೆದುಕೊಳ್ಳಿ. ಎರಡೂ ಕಪ್ಪಾದರೆ ಚಾಕುವಿಗೆ ಬಳಸಿ, ಪದರಕ್ಕೆ ಬೇಡ. ಹಲ್ಲಿನ ಅಂಚನ್ನು ಹೇಗೂ ಕತ್ತರಿಸಿ ತೆಗೆಯಬೇಕು. ಕೆಲವಕ್ಕೆ ಹಲ್ಲಿನ ತುದಿಗೆ ಬೇರೆ ಗಟ್ಟಿ ಲೋಹ ಕೂರಿಸಿರುತ್ತಾರೆ, ಅದು ಬೆಸುಗೆಗೆ ಬಗ್ಗುವುದಿಲ್ಲ.